ರಟ್ಟಿನ ಗದೆ ಸೊಟ್ಟಗಾಯ್ತು, ಆಟಕ್ಕೆ 16 ದಿನ ಇದೆ. ಗಟ್ಟಿ ಮಾಡೋದು ಹೇಗೆ?

ಸಿರುಗುಪ್ಪ ಸೋನಾ
ಎಲ್ಲರಿಗೂ ನಮಸ್ಕಾರ. ಉಗಾದಿ ಕಳೆದ ವಾರಕ್ಕೆ ನಮ್ಮೂರಲ್ಲಿ ದೊಡ್ಡಾಟ. ನನ್ನದು ಭೀಮನ ಪಾತ್ರ. ಗುಡಿಯಲ್ಲಿಟ್ಟಿರುವ ಹಳೇ ಮರದ ಗದೆ ನಾಲ್ಕು ಕಿಲೋಗಿಂತ ಜಾಸ್ತಿ ತೂಗುತ್ತೆ. ಹೋದ ಸಲ ಅದನ್ನು ಹೊತ್ತು ರಾತ್ರಿಯಿಡೀ ಕುಣಿದು, ಬೆಳಗ್ಗೆ ಹಲ್ಲುಜ್ಜೋಕೂ ಕೈ ಮೇಲೇಳಲಿಲ್ಲ. ಅದಕ್ಕೆ ಈ ಸಲ ಕಾಗದದಲ್ಲಿ ಮಾಡೋಣ ಅಂತ ಕೂತೆ.

ಪೆಪಾಕುರಾ ಫೈಲ್ (ಕಾಗದ ಕತ್ತರಿಸಿ, ಮಡಚಿ ಆಕಾರ ಕಟ್ಟುವ ನಕ್ಷೆ) ಇಳಿಸಿಕೊಂಡೆ. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಶೀಟಿನಲ್ಲಿ ಪ್ರಿಂಟ್ ತೆಗೆಸಿದೆ. ಹನ್ನೊಂದು ರಾತ್ರಿ ಕತ್ತರಿಸಿ, ಮಡಚಿ, ಅಂಟಿಸಿದೆ. ಗದೆಯ ತಲೆ 24 ಸೆಂ.ಮೀ. ಅಗಲ, ಚೆಂದ ಬಂದಿತ್ತು. ನಮ್ಮವ್ವ ನೋಡಿ "ಕುಂಬಳಕಾಯಿ ಯಾರು ತಂದ್ರು" ಅಂದ್ಲು, ಅಷ್ಟು ಗುಂಡಗೆ.

ಆಮೇಲೆ ಕೆಟ್ಟಿತು. ಬೈಕ್ ಬಂಪರ್ ರಿಪೇರಿ ಮಾಡುವ ಗೆಳೆಯ ಒಂದು ಡಬ್ಬಿ ಫೈಬರ್ ರೆಸಿನ್ ಕೊಟ್ಟ. ಮಧ್ಯಾಹ್ನ ಮಾಳಿಗೆ ಮೇಲೆ ಕೂತು ಬ್ರಷ್‌ನಲ್ಲಿ ಹೊರಗಡೆ ದಪ್ಪಗೆ ಬಳಿದು ಒಣಗೋಕೆ ಬಿಟ್ಟೆ. ಸಂಜೆ ನೋಡಿದರೆ ಕೆಳಗಿದ್ದ ಮಗ್ಗುಲು ಚಪ್ಪಟೆ, ಮೇಲೆ ಒಂದು ಗುಳಿ. ಕೆಲವು ಕಡೆ ಇನ್ನೂ ಅಂಟಂಟು. ಇದನ್ನು ಉಳಿಸಬಹುದಾ, ಇಲ್ಲ ಹೊಸದಾಗಿ ಮಾಡಬೇಕಾ?

ರಾಯಚೂರ್ ಬಿಸಿಲು
ಮಧ್ಯಾಹ್ನ ಮಾಳಿಗೆ ಮೇಲೆ?? ಉಗಾದಿ ಹೊತ್ತಿನಲ್ಲಿ?? ಅಲ್ಲಿ ಮನುಷ್ಯನೇ ಸೊಟ್ಟಗಾಗ್ತಾನೆ ತಮ್ಮಾ.

ಬಣ್ಣದ ಡಬ್ಬಿ
ಒಳಗೆ ಆಸರೆ ಏನಾದರೂ ಕೊಟ್ಟಿದ್ರಾ? ಅಡ್ಡಪಟ್ಟಿ, ರಟ್ಟಿನ ಬಿಲ್ಲೆ, ಏನಾದರೂ?

ಸಿರುಗುಪ್ಪ ಸೋನಾ
ಇಲ್ಲ ಅಣ್ಣಾ. ಖಾಲಿ.

ಬಣ್ಣದ ಡಬ್ಬಿ
ಹಾಗಾದರೆ ತಪ್ಪು ಅಲ್ಲೇ ಇದೆ. ಕಾಗದ ಒಣಗಿದ್ದಾಗ ಮಾತ್ರ ಗಟ್ಟಿ. ನೀರು ಬೀಳಲಿ, ರೆಸಿನ್ ಬೀಳಲಿ, ಒದ್ದೆಯಾದ ಕೂಡಲೇ ಅದು ಹಪ್ಪಳದ ಹಿಟ್ಟು ಇದ್ದ ಹಾಗೆ. ರೆಸಿನ್ ಕಟ್ಟಿಕೊಳ್ಳುವ ತನಕ ಅದರ ಭಾರವನ್ನೂ ಆ ಒದ್ದೆ ಕಾಗದವೇ ಹೊರಬೇಕು. ನೀವು ದಪ್ಪಗೆ ಬಳಿದಿರಿ, ಮೇಲಿಂದ ನೆಲಕ್ಕೆ ಇಟ್ಟಿರಿ. ಚಪ್ಪಟೆ ಆಗದೆ ಏನಾಗುತ್ತೆ?

ಪೂರ್ತಿ ಎಸೆಯಬೇಡಿ. ಚಪ್ಪಟೆಯಾದ ಕಡೆ ಎರಡು ಹೋಳು ಬ್ಲೇಡಿನಿಂದ ಬಿಡಿಸಿ ತೆಗೆಯಿರಿ. ಆ ಕಿಂಡಿಯಲ್ಲಿ ಕೈ ಹಾಕಿ ಒಳಗೆ ದಪ್ಪ ರಟ್ಟಿನ ಎರಡು ಬಿಲ್ಲೆ ಅಡ್ಡಡ್ಡ ಕೂರಿಸಿ, ಅಧಿಕ ಚಿಹ್ನೆ ಥರ. ಮೇಲಿನ ಗುಳಿಯನ್ನು ಒಳಗಿಂದ ಒತ್ತಿ ನೋಡಿ. ಬರದಿದ್ದರೆ ಬಿಡಿ, ಅದು ಪುಟ್ಟಿ ತುಂಬುವ ಕೆಲಸ. ಕಿಂಡಿ ಈಗಲೇ ಮುಚ್ಚಬೇಡಿ, ಒಳಗೆ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಹಾಕೋಕೆ ಬೇಕು. ಹೊಸ ಎರಡು ಹೋಳು ಕೊನೆಗೆ ಅಂಟಿಸಿ.

ಅಂಟಂಟು ಇರುವ ಕಡೆ ಎರಡು ಕಾರಣ ಇರಬಹುದು. ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಸರಿಯಾಗಿ ಕಲಸಿಲ್ಲ. ಇಲ್ಲವೇ ಗಾಳಿ ತಾಕುವ ಮೇಲ್ಮೈ ಹಾಗೇ ಉಳಿದಿದೆ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್‌ನ ಮೇಲ್ಪದರ ಗಾಳಿಯಲ್ಲಿ ಪೂರ್ತಿ ಒಣಗಲ್ಲ. ಉಗುರು ಒತ್ತಿ ನೋಡಿ. ಮೇಲೆ ಜಿಗುಟು, ಅಡಿಯಲ್ಲಿ ಗಟ್ಟಿ ಇದ್ದರೆ ಅಸಿಟೋನ್‌ನಲ್ಲಿ ಒರೆಸಿದರೆ ಸಾಕು. ಉಗುರು ಒಳಗೆ ಇಳಿದರೆ ಕೆರೆದು ತೆಗೆಯಬೇಕು.

ಅಟ್ಟದ ತಾತ
ದೊಡ್ಡಾಟಕ್ಕೆ ಫೈಬರ್ ಗದೆ! ನಾನು 30 ವರ್ಷ ವೇಷ ಕಟ್ಟಿದವನು. ಬಿದಿರು ಬುಟ್ಟಿ ಹೆಣೆಸಿ, ಮೇಲೆ ಹಳೇ ಪಂಚೆ ಸುತ್ತಿ, ಹುಣಸೆ ಬೀಜದ ಅಂಟು ಬಳಿದು, ಬೇಗಡೆ (ಹೊಳೆಯುವ ತೆಳು ಹಾಳೆ) ಹಚ್ಚಿದರೆ ಮುಗೀತು. ಪೆಟ್ರೋಮ್ಯಾಕ್ಸ್ ಬೆಳಕಿಗೆ ಅದು ಹೊಳೆಯೋದು ನೋಡಬೇಕಿತ್ತು. ನಾಲ್ಕು ಕಿಲೋ ಗದೆ ಎತ್ತಲಾರದವನು ಭೀಮ ಯಾಕಾದ್ಯಪ್ಪಾ?

ಸಿರುಗುಪ್ಪ ಸೋನಾ
ತಾತ, ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯೋನು. ಮೂಟೆ ಎತ್ತೋನಲ್ಲ 😅 ಪಾತ್ರ ಹಂಚಿದ್ದು ಮಾಸ್ತರು, ನನ್ನ ಧ್ವನಿ ನೋಡಿ ಕೊಟ್ರು.

ರಾಯಚೂರ್ ಬಿಸಿಲು
ಧ್ವನಿ ಭೀಮನದು, ಭುಜ ಉತ್ತರಕುಮಾರನದು.

ಕೋಟೆ ಬಾಗಿಲು
ಲೆಕ್ಕ ಬರೆದರೇನಂತೆ? ನಮ್ಮ ಬಳ್ಳಾರಿ ರಾಘವ ವಕೀಲಿ ಮಾಡಿಕೊಂಡೇ ನಾಟಕ ಆಡಿದವರು. ಊರಲ್ಲಿ ಇವತ್ತಿಗೂ ಅವರ ಹೆಸರಲ್ಲಿ ಕಲಾಮಂದಿರ ಇದೆ. ಆಡು ತಮ್ಮಾ.

ಲೆಕ್ಕದ ಮಾಸ್ತರ್
ಫೈಲ್ ಇಲ್ಲದೆಯೂ ಹೋಳು ತೆಗೆಯಬಹುದು, ಮೋಸಂಬಿ ತೊಳೆ ಇದ್ದ ಹಾಗೆ. 24 ಸೆಂ.ಮೀ. ಚೆಂಡಿನ ಸುತ್ತಳತೆ 75.4. ಹನ್ನೆರಡು ಹೋಳು ಮಾಡಿದರೆ ಒಂದೊಂದರ ನಡು 6.3 ಸೆಂ.ಮೀ., ಉದ್ದ ಸುತ್ತಳತೆಯ ಅರ್ಧ, ಅಂದರೆ 37.7. ಎ4 ಹಾಳೆ 29.7 ಮಾತ್ರ, ಅದರಲ್ಲಿ ಹಿಡಿಯಲ್ಲ. ಎ3 ಬೇಕು, ಅದು 42 ಇದೆ. ಎ4 ಮಾತ್ರ ಇದ್ದರೆ ಪ್ರತಿ ಹೋಳನ್ನೂ ನಡುವಿಗೆ ಎರಡು ಮಾಡಿ.

ತೂಕದ ಲೆಕ್ಕವನ್ನೂ ಹಾಕಿದೆ. ಆ ಚೆಂಡಿನ ಮೈ ಸುಮಾರು 1,810 ಚದರ ಸೆಂ.ಮೀ. 200 ಜಿಎಸ್‌ಎಂ ಕಾಗದ ಅಂದರೆ ಬರೀ 36 ಗ್ರಾಂ. ಒಳಗೆ 450 ಜಿಎಸ್‌ಎಂ ಗ್ಲಾಸ್ ಮ್ಯಾಟ್ ಒಂದು ಪದರ ಹಾಕಿದರೆ 81 ಗ್ರಾಂ, ಅದು ಕುಡಿಯುವ ರೆಸಿನ್ ಅದರ ಎರಡೂವರೆ ಪಟ್ಟು ಅಂದುಕೊಂಡರೆ 200 ಗ್ರಾಂ. ಪುಟ್ಟಿ, ಪೈಪು, ಬಣ್ಣ ಎಲ್ಲ ಸೇರಿ ಒಂದು ಕಿಲೋ ಆಸುಪಾಸು. ಭುಜ ಉಳಿಯುತ್ತೆ.

ಹೊಲಿಗೆ ಅಕ್ಕ
ನಾನು ಶಾಲೆ ಗ್ಯಾದರಿಂಗಿಗೆ ಮಕ್ಕಳಿಗೆ ಕತ್ತಿ, ಗದೆ, ಬಿಲ್ಲು ಎಲ್ಲಾ ಮಾಡಿಕೊಡ್ತೀನಿ. ರೆಸಿನ್ ಮುಟ್ಟೋದೇ ಇಲ್ಲ. ಹಳೇ ಕಾಟನ್ ಬಟ್ಟೆ ಎರಡು ಬೆರಳು ಅಗಲದ ಪಟ್ಟಿ ಹರಿದುಕೊಳ್ಳಿ. ಫೆವಿಕಾಲ್ ಎರಡು ಪಾಲು, ನೀರು ಒಂದು ಪಾಲು. ಪಟ್ಟಿ ಅದ್ದಿ, ಬೆರಳಿಂದ ಹಿಂಡಿ, ಒಂದರ ಮೇಲೊಂದು ಅರ್ಧ ಹತ್ತುವ ಹಾಗೆ ಸುತ್ತಿ. ಒಂದು ಪದರ ಪೂರ್ತಿ ಒಣಗಿದ ಮೇಲೇ ಇನ್ನೊಂದು. ಹಿಂಡೋದು ಮರೆಯಬೇಡಿ, ನೀರು ಜಾಸ್ತಿಯಾದರೆ ಕಾಗದ ನೆನೆದು ಕುಸಿಯುತ್ತೆ. ಮೂರು ಪದರಕ್ಕೆ ತಟ್ಟಿದರೆ ಟಕ್ ಟಕ್ ಅನ್ನುತ್ತೆ.

ಬಣ್ಣದ ಡಬ್ಬಿ
ಅಕ್ಕಾ, ಮಕ್ಕಳಿಗೆ ಅದೇ ಸರಿ, ಒಪ್ಪಿದೆ. ಫೈಬರ್ ಒಡೆದರೆ ಅಂಚು ಗಾಜಿನ ಹಾಗೆ ಚೂಪು, ಮಕ್ಕಳ ಕೈಗೆ ಕೊಡಲೇಬಾರದು. ಆದರೆ ದೊಡ್ಡಾಟದಲ್ಲಿ ಭೀಮ ಗದೆಯನ್ನು ಅಟ್ಟದ (ಆಟದ ವೇದಿಕೆಯ) ಹಲಗೆಗೆ ಕುಟ್ಟುತ್ತಾನೆ. ಬಟ್ಟೆ–ಫೆವಿಕಾಲ್ ಅದಕ್ಕೆ ತಡೆಯುತ್ತಾ?

ಹೊಲಿಗೆ ಅಕ್ಕ
ಕುಟ್ಟೋದು ಯಾಕೆ? ಕುಟ್ಟಿದ ಹಾಗೆ ಮಾಡಲಿ, ತಬಲಾದವನು ಸದ್ದು ಕೊಡಲಿ.

ಅಟ್ಟದ ತಾತ
ತಬಲಾ ಅಲ್ಲ ತಾಯಿ, ಮದ್ದಲೆ. ಮತ್ತೆ ಭೀಮ ಕುಟ್ಟಲೇಬೇಕು. ಕುಟ್ಟದ ಭೀಮನನ್ನು ಸಾರಥಿ, ಪಾತ್ರಗಳನ್ನು ಮಾತಾಡಿಸಿ ನಗಿಸುವವನು, ಅಲ್ಲೇ ಗೇಲಿ ಮಾಡ್ತಾನೆ.

ಕಿನ್ನಾಳ ದಾರಿ
ತಾತ ಹೇಳಿದ ಹುಣಸೆ ಬೀಜದ ಅಂಟನ್ನು ಹಳೇ ಕಾಲದ್ದು ಅಂತ ತಳ್ಳಬೇಡಿ. ಕೊಪ್ಪಳದ ಹತ್ತಿರ ನಮ್ಮ ಕಿನ್ನಾಳದಲ್ಲಿ ಚಿತ್ರಗಾರರು ಇವತ್ತಿಗೂ ಅದನ್ನೇ ಬಳಸ್ತಾರೆ. ಹಗುರ ಮರದ ಗೊಂಬೆ. ಅದರ ಬಿರುಕು, ಜೋಡಣೆ ಎಲ್ಲ ಮುಚ್ಚೋಕೆ ಸೆಣಬಿನ ಚೂರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಮುದ್ದೆ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಕಲೆ ಅದು. ನೀವೆಲ್ಲ ಪುಟ್ಟಿ ಪುಟ್ಟಿ ಅಂತೀರಲ್ಲ, ಅದೂ ಪುಟ್ಟಿನೇ.

ಅಂಟು ಮಾಡೋದು ಸುಲಭ. ಬೀಜ ಹುರಿದು ಸಿಪ್ಪೆ ತೆಗೆಯಿರಿ. ರಾತ್ರಿ ನೆನೆಸಿ, ಬೆಳಗ್ಗೆ ನುಣ್ಣಗೆ ರುಬ್ಬಿ, ನೀರು ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ ಬೇಯಿಸಿ. ಗಂಜಿ ಹದಕ್ಕೆ ಬಂದರೆ ಇಳಿಸಿ. ತಿರುವೋದು ಬಿಟ್ಟರೆ ಗಂಟು ಕಟ್ಟುತ್ತೆ, ಆಮೇಲೆ ಏನು ಮಾಡಿದರೂ ಬಿಡಲ್ಲ.

ಗಂಗಾವತಿ ಗಾಡಿ
ಮೈದಾ ಗಂಜಿ ಸಾಕಲ್ವಾ? ಪೋಸ್ಟರ್ ಅಂಟಿಸೋರು ಅದನ್ನೇ ತಾನೇ ಬಳಸೋದು.

ಹಿಂದಿನ ಬೆಂಚು
ಮೈದಾ ಗಂಜಿಯ ಕಥೆ ನಾನು ಹೇಳ್ತೀನಿ. ಕಾಲೇಜು ಫ್ಯಾನ್ಸಿ ಡ್ರೆಸ್‌ಗೆ ಹನುಮಂತನ ಗದೆ ಮಾಡಿದ್ದೆ. ಹಳೇ ಪೇಪರು, ಮೈದಾ, ಏಳು ಪದರ. ಬಂಗಾರದ ಬಣ್ಣ ಹೊಡೆದು ಹಾಸ್ಟೆಲ್ ಮಂಚದ ಕೆಳಗೆ ಇಟ್ಟೆ. ಮೂರನೇ ದಿನ ತೆಗೆದರೆ ಗದೆಯಲ್ಲಿ ನಿಂಬೆಹಣ್ಣಿನ ಗಾತ್ರದ ತೂತು. ಅಲ್ಲಾಡಿಸಿದೆ. ಒಳಗಿಂದ ಇಲಿ ಹಾರಿ ನನ್ನ ತೊಡೆ ಮೇಲೆ ಬಿತ್ತು. ತೂತಿಗೆ ಕೆಂಪು ಬಟ್ಟೆ ಕಟ್ಟಿ ಹಾಗೇ ಸ್ಟೇಜ್ ಹತ್ತಿದೆ. ಎರಡನೇ ಬಹುಮಾನ ಬಂತು.

ರಾಯಚೂರ್ ಬಿಸಿಲು
ಮೊದಲನೇ ಬಹುಮಾನ ಇಲಿಗೆ ಹೋಗಿರಬೇಕು.

ಅಟ್ಟದ ತಾತ
ಅದಕ್ಕೇ ಗಂಜಿಗೆ ಚಿಟಿಕೆ ಮೈಲುತುತ್ತ ಹಾಕ್ತಿದ್ವಿ. ಹುಳ ಬರಲ್ಲ. ಆದರೆ ಅದು ವಿಷ. ಆ ಪಾತ್ರೆಯನ್ನು ಮತ್ತೆ ಅಡುಗೆ ಮನೆಗೆ ತರಬಾರದು.

ಗಂಗಾವತಿ ಗಾಡಿ
ಇನ್ನೊಂದು ಡೌಟು. ರೆಸಿನ್ ಅಂದರೆ ರಾಳ ತಾನೇ? ಆಟದಲ್ಲಿ ರಾಕ್ಷಸ ಬಂದಾಗ ಪಂಜಿಗೆ ರಾಳದ ಪುಡಿ ಎರಚ್ತಾರಲ್ಲ, ಅದನ್ನೇ ಕರಗಿಸಿ ಬಳಿದರೆ?

ಬಣ್ಣದ ಡಬ್ಬಿ
ಬೇಡ ಮಾರಾಯ! ಅದು ಮರದ ಅಂಟು. ಒಣಗಿದರೆ ಹುರಿಗಡಲೆ ಥರ ಪುಡಿಯಾಗುತ್ತೆ, ಕಿಡಿ ತಾಕಿದರೆ ಭಗ್ ಅನ್ನುತ್ತೆ. ಇದು ಪಾಲಿಯೆಸ್ಟರ್ ರೆಸಿನ್, ಬೇರೇನೇ ವಸ್ತು. ಆದರೆ ಮಾತು ಬಂತಲ್ಲ, ಒಣಗಿದ ಮೇಲೂ ಇದು ಉರಿಯುವ ವಸ್ತುವೇ. ಸೋನಾ, ಆಟದ ದಿನ ಪಂಜಿನಿಂದ ದೂರ ಇರಿ.

ತುಂಗಭದ್ರಾ ಫೈಬರ್
ನಾನು ನೀರಿನ ಟ್ಯಾಂಕು, ಬೋರ್ಡು ಎಲ್ಲ ಫೈಬರ್‌ನಲ್ಲಿ ಮಾಡುವವನು. ಮೇಲೆ ಯಾರೂ ಮುಖ್ಯ ಮಾತು ಹೇಳಿಲ್ಲ, ದಯವಿಟ್ಟು ಪೂರ್ತಿ ಓದಿ.

ಅಂಗಡಿಯಲ್ಲಿ ಮೂರು ಬಾಟಲಿ ಕೊಡ್ತಾರೆ. ರೆಸಿನ್, ಕೋಬಾಲ್ಟ್ (ಗಟ್ಟಿಯಾಗೋದನ್ನು ಚುರುಕು ಮಾಡುವ ದ್ರವ), ಹಾರ್ಡನರ್. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು. ಹಾರ್ಡನರ್ ಆಮೇಲೆ. ಕೋಬಾಲ್ಟ್, ಹಾರ್ಡನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಯಾವತ್ತೂ ಸೇರಿಸಬೇಡಿ. ಬೆಂಕಿ ಹತ್ತುತ್ತೆ, ಸಿಡಿಯಲೂಬಹುದು. ಎರಡಕ್ಕೂ ಒಂದೇ ಮುಚ್ಚಳ, ಒಂದೇ ಚಮಚ ಬಳಸಬೇಡಿ. ಕೆಲವು ರೆಸಿನ್‌ಗೆ ಕೋಬಾಲ್ಟ್ ಮೊದಲೇ ಬೆರೆಸಿರುತ್ತಾರೆ, ಕೇಳಿಕೊಂಡು ತನ್ನಿ.

100 ಗ್ರಾಂ ರೆಸಿನ್‌ಗೆ ಹಾರ್ಡನರ್ 1ರಿಂದ 2 ಗ್ರಾಂ. ನಮ್ಮ ಕಡೆ ಬಿಸಿಲಿಗೆ 1 ಸಾಕು. ಬೇಗ ಒಣಗಲಿ ಅಂತ ಜಾಸ್ತಿ ಸುರಿದರೆ ಬ್ರಷ್ ಎತ್ತುವ ಮೊದಲೇ ಲೋಟದಲ್ಲಿ ಮೊಸರಾಗುತ್ತೆ. ನಮ್ಮ ಹುಡುಗ ಒಬ್ಬ ಅರ್ಧ ಕಿಲೋ ಒಟ್ಟಿಗೆ ಕಲಸಿ ಚಹಾ ಕುಡಿಯೋಕೆ ಹೋದ. ಬರುವಷ್ಟರಲ್ಲಿ ಪ್ಲಾಸ್ಟಿಕ್ ಮಗ್ ಕರಗಿ ಹೊಗೆ ಬರ್ತಿತ್ತು. ಗುಂಪಾಗಿದ್ದರೆ ತನ್ನ ಶಾಖದಲ್ಲೇ ತಾನು ಬೇಯುತ್ತೆ, ತೆಳ್ಳಗೆ ಹರಡಿದರೆ ಆ ತೊಂದರೆ ಇಲ್ಲ. ಚಹಾ ಲೋಟದಷ್ಟೇ ಕಲಸಿ.

ಕೆಲಸ ಬೆಳಗ್ಗೆ ಆರಕ್ಕೆ ಇಲ್ಲವೇ ಸಂಜೆ, ಅಂಗಳದಲ್ಲಿ, ನೆರಳಲ್ಲಿ. ಮನೆ ಒಳಗೆ ಬೇಡ. ಆ ವಾಸನೆಗೆ ಬಟ್ಟೆ ಮಾಸ್ಕ್ ಏನೂ ಪ್ರಯೋಜನ ಇಲ್ಲ, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಹಾರ್ಡನರ್ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಕನ್ನಡಕ ಹಾಕಿ. ಗ್ಲೌಸ್ ಹಾಕಿ. ಗ್ಲಾಸ್ ಮ್ಯಾಟ್ ಕತ್ತರಿಸುವಾಗ ತುಂಬು ತೋಳಿನ ಅಂಗಿ ಹಾಕದಿದ್ದರೆ ಎರಡು ದಿನ ನವೆ.

ಸಿರುಗುಪ್ಪ ಸೋನಾ
ಅಯ್ಯೋ. ನಾನು ಬನಿಯನ್‌ನಲ್ಲಿ ಕೂತು, ಮೂಗಿಗೆ ಟವೆಲ್ ಕಟ್ಟಿಕೊಂಡು ಮಾಡಿದ್ದೆ. ಹಾರ್ಡನರ್ ಅಳತೆ "ಒಂದು ಮುಚ್ಚಳ".

ತುಂಗಭದ್ರಾ ಫೈಬರ್
ನಿನ್ನ ಗೆಳೆಯನಿಗೆ ನನ್ನ ಕಡೆಯಿಂದ ಎರಡು ಮಾತು ಹೇಳು. ಇಲ್ಲಿ ಬರೆಯೋ ಮಾತಲ್ಲ.

ಚೌಕಾಸಿ
ಇಷ್ಟೆಲ್ಲ ಯಾಕೆ? ಥರ್ಮೋಕೋಲ್ ಚೆಂಡು ಅಂಗಡಿಯಲ್ಲೇ ಸಿಗುತ್ತೆ. ಮೇಲೆ ರೆಸಿನ್ ಬಳಿದರೆ ಅರ್ಧ ಗಂಟೆ ಕೆಲಸ.

ಹಿಂದಿನ ಬೆಂಚು
ಮಾಡಿ ನೋಡಿದ್ದೀರಾ?

ಚೌಕಾಸಿ
ಇಲ್ಲ, ಐಡಿಯಾ ಹೇಳಿದೆ.

ತುಂಗಭದ್ರಾ ಫೈಬರ್
ಪಾಲಿಯೆಸ್ಟರ್ ರೆಸಿನ್ ಬಿದ್ದರೆ ಥರ್ಮೋಕೋಲ್ ಬಿಸಿ ಅನ್ನದ ಮೇಲಿನ ತುಪ್ಪದ ಥರ ಕರಗಿಹೋಗುತ್ತೆ. ಸ್ಪ್ರೇ ಪೇಂಟಿಗೂ ಹಾಗೇ. ಥರ್ಮೋಕೋಲ್ ಮೇಲೆ ಎಪಾಕ್ಸಿ ಬಳಸಬಹುದು, ಅದು ಕರಗಿಸಲ್ಲ, ವಾಸನೆಯೂ ಕಡಿಮೆ. ಆದರೆ ರೇಟು ಜಾಸ್ತಿ.

ಮಸ್ಕಿ ಮಾಸ್ಕ್
ಯೋಗ ಮ್ಯಾಟ್ ಥರದ ಈವಿಎ ಫೋಮ್ ತಂದು ಕತ್ತರಿಸಿ ಮಾಡಿದರೆ ಗಟ್ಟಿ ಮಾಡುವ ರಗಳೆಯೇ ಇಲ್ಲ. ತಲೆಗೆ ಹೊಡೆದರೂ ನೋವಾಗಲ್ಲ. ಕಾಗದದ ಕಾಲ ಮುಗೀತು.

ಬಣ್ಣದ ಡಬ್ಬಿ
ಹೊಡೆದಾಟಕ್ಕೆ ಫೋಮೇ ಒಳ್ಳೇದು, ನಿಜ. ಆದರೆ ಹನ್ನೊಂದು ರಾತ್ರಿ ಕೂತವನಿಗೆ ಹೋಗಿ "ಕಾಗದದ ಕಾಲ ಮುಗೀತು" ಅನ್ನೋದು ಸರಿಯಾ? ಫೋಮಿನಲ್ಲಿ ಮಾಡೋದಾದರೂ ಮೊದಲು ನಕ್ಷೆ ಬಿಡಿಸೋದು ಕಾಗದದ ಮೇಲೇ.

ಮಸ್ಕಿ ಮಾಸ್ಕ್
ಸರಿ ಸರಿ, ವಾಪಸ್ ತಗೊಂಡೆ.

ಹೊಲಿಗೆ ಅಕ್ಕ
ಮಡಿಕೆ ಹಾಕುವಾಗ ಏನು ಬಳಸಿದ್ರಿ ಸೋನಾ? ಫೋಟೋದಲ್ಲಿ ಗೆರೆ ಮೇಲೆ ಬಿಳಿ ಬಿಳಿ ಕಾಣ್ತಿದೆ.

ಸಿರುಗುಪ್ಪ ಸೋನಾ
ಬ್ಲೇಡಿನಿಂದ ಮೆಲ್ಲಗೆ ಗೀರಿದೆ ಅಕ್ಕಾ.

ಹೊಲಿಗೆ ಅಕ್ಕ
ಬ್ಲೇಡು ಬೇಡ, ಕಾಗದದ ನಾರೇ ಕಡಿಯುತ್ತೆ. ಇಂಕು ಮುಗಿದ ಬಾಲ್‌ಪೆನ್ ತಗೊಳ್ಳಿ. ಕೆಳಗೆ ಹಳೇ ಪುಸ್ತಕ ಇಟ್ಟು, ಸ್ಟೀಲ್ ಸ್ಕೇಲಿಗೆ ತಾಗಿಸಿ ಒಂದು ಸಲ ಒತ್ತಿ ಎಳೆಯಿರಿ. ಕಾಗದ ಹರಿಯಲ್ಲ, ಬರೀ ಕಾಲುವೆ ಬೀಳುತ್ತೆ. ಬೆರಳು ತಾಗಿಸಿದರೆ ತಾನೇ ಮಡಚಿಕೊಳ್ಳುತ್ತೆ. ಮತ್ತೆ, ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟ್ ಆದರೆ ದಪ್ಪ ಕಾಗದದಲ್ಲಿ ಮಡಿಕೆ ಮೇಲೆ ಕಪ್ಪು ಉದುರುತ್ತೆ. ಇಂಕ್‌ಜೆಟ್ ಆದರೆ ಅಂಟು ತಾಕಿದ ಕಡೆ ಬಣ್ಣ ಹರಡುತ್ತೆ. ಎರಡೂ ಪುಟ್ಟಿ ಕೆಳಗೆ ಮುಚ್ಚಿಹೋಗುತ್ತೆ, ತಲೆ ಕೆಡಿಸಿಕೊಳ್ಳಬೇಡಿ.

ಹಿಂದಿನ ಬೆಂಚು
ಪ್ರಿಂಟ್ ಅಂದಾಗ ನೆನಪಾಯ್ತು. ನಾನೊಮ್ಮೆ ಶಿರಸ್ತ್ರಾಣದ ಅರ್ಧ ಹಾಳೆ ಒಂದು ಅಂಗಡಿಯಲ್ಲಿ, ಅರ್ಧ ಇನ್ನೊಂದು ಅಂಗಡಿಯಲ್ಲಿ ತೆಗೆಸಿದೆ. ಎರಡನೆಯವನು "ಫಿಟ್ ಟು ಪೇಜ್" ಒತ್ತಿದ್ದ. ನೂರಕ್ಕೆ ಮೂರು ನಾಲ್ಕು ಭಾಗ ಕುಗ್ಗಿತ್ತು, ಕಣ್ಣಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಎಡಗಿವಿಯೂ ಬಲಗಿವಿಯೂ ಸೇರಲೇ ಇಲ್ಲ. ಈಗ ಅದರಲ್ಲಿ ನಮ್ಮವ್ವ ಈರುಳ್ಳಿ ಇಡ್ತಾಳೆ.

ಲೆಕ್ಕದ ಮಾಸ್ತರ್
100 ಪರ್ಸೆಂಟ್ ಅಂತ ಹೇಳಿ ತೆಗೆಸಿ, ಮೊದಲ ಹಾಳೆ ಬಂದ ಕೂಡಲೇ ಅಲ್ಲೇ ನಿಂತು ಸ್ಕೇಲ್ ಇಟ್ಟು ಒಂದು ಗೆರೆ ಅಳೆಯಿರಿ.

ಸಿರುಗುಪ್ಪ ಸೋನಾ
ಐದನೇ ದಿನದ ಸುದ್ದಿ. ಚಪ್ಪಟೆ ಕಡೆ ಎರಡು ಹೋಳು ಬಿಡಿಸಿದೆ. ಒಳಗೆ ಬಿಲ್ಲೆ ಕೂರಿಸಿದೆ. ಬೆಳಗ್ಗೆ ಆರಕ್ಕೆ ಹೊರಗಡೆ ತೆಳ್ಳಗೆ ಒಂದು ಕೈ, ಸಂಜೆ ಇನ್ನೊಂದು. ಈ ಸಲ ನೆಲಕ್ಕೆ ಇಡಲಿಲ್ಲ, ದಾರ ಕಟ್ಟಿ ಬೇವಿನ ಕೊಂಬೆಗೆ ತೂಗು ಹಾಕಿದೆ. ಬಾಗಲಿಲ್ಲ! ಒಳಗೆ ಮ್ಯಾಟ್ ಅಂಗೈ ಅಗಲದ ತುಂಡು ಮಾಡಿ ಹಾಕಿದೆ, ಗಾಳಿ ಗುಳ್ಳೆಯನ್ನು ಬ್ರಷ್ ತುದಿಯಲ್ಲಿ ಕುಟ್ಟಿ ಕುಟ್ಟಿ ತೆಗೆದೆ. ಹೆಬ್ಬೆರಳಿಂದ ಒತ್ತಿದರೆ ಈಗ ಬಗ್ಗಲ್ಲ. ಹಿಡಿ ಹೇಗೆ ಕೂರಿಸಲಿ? ಒಂದಿಂಚು ಪಿವಿಸಿ ಪೈಪ್ ಇದೆ.

ಬಣ್ಣದ ಡಬ್ಬಿ
ಭೇಷ್! ಪೈಪ್ ತಲೆಯ ಬುಡಕ್ಕೆ ಮಾತ್ರ ಅಂಟಿಸಬೇಡಿ, ಎರಡನೇ ಏಟಿಗೆ ಕಳಚುತ್ತೆ. ಬುಡದಿಂದ ಹೊಕ್ಕು ನೆತ್ತಿಯಲ್ಲಿ ಹೊರಬರಬೇಕು. ಬಿಲ್ಲೆಗಳ ನಡುವೆ ಪೈಪಿನಷ್ಟು ಜಾಗ ಕೊರೆದುಕೊಳ್ಳಿ. ಬುಡ, ನೆತ್ತಿ ಎರಡೂ ಕಡೆ ಪ್ಲೈವುಡ್ ಬಳೆ, ಸುತ್ತ ಎಂ‑ಸೀಲ್. ಪೈಪಿನ ಮೈ ನುಣುಪು, ರೆಸಿನ್ ಹಿಡಿಯಲ್ಲ. ಅಂಟುವ ಜಾಗವನ್ನು 80 ನಂಬರ್ ಸ್ಯಾಂಡ್ ಪೇಪರಿನಲ್ಲಿ ಗರಗರ ಉಜ್ಜಿ. ನೆತ್ತಿಯಲ್ಲಿ ಹೊರಬಂದ ತುದಿಗೆ ಕಳಸ ಕೂರಿಸಿ, ಮುಚ್ಚಿಹೋಗುತ್ತೆ.

ತುಂಗಭದ್ರಾ ಫೈಬರ್
ಕಿಂಡಿ ಮುಚ್ಚುವ ಮೊದಲು ಪೈಪು ಬಿಲ್ಲೆ ಸೇರುವ ಕಡೆಗೂ ಮ್ಯಾಟ್ ಎರಡು ತುಂಡು ಹಾಕು. ಮೇಲೆ ಕಾರಿಗೆ ಬಳಸುವ ಪುಟ್ಟಿ, 120, 220, 400 ಅಂತ ಉಜ್ಜುತ್ತಾ ಬಾ. ಕೊನೆಯದನ್ನು ನೀರು ಹಾಕಿ ಉಜ್ಜಿದರೆ ಧೂಳು ಏಳಲ್ಲ.

ಅಟ್ಟದ ತಾತ
ಬಣ್ಣ ಯಾವುದು ಹಚ್ತೀಯ? ಅಂಗಡಿ ಬಂಗಾರದ ಸ್ಪ್ರೇ ಹೊಡೆದರೆ ಲೈಟಿಗೆ ಹಿತ್ತಾಳೆ ತಂಬಿಗೆ ಕಂಡ ಹಾಗೆ ಕಾಣುತ್ತೆ.

ಬಣ್ಣದ ಡಬ್ಬಿ
ತಾತನ ಮಾತು ಸರಿ. ಸ್ಪ್ರೇ ಒಣಗಿದ ಮೇಲೆ ಕಪ್ಪು–ಕಂದು ಬಣ್ಣ ನೀರಾಗಿ ಕಲಸಿ ಇಡೀ ಗದೆಗೆ ಬಳಿದು, ತಕ್ಷಣ ಬಟ್ಟೆಯಿಂದ ಒರೆಸಿ. ಸಂದಿಗಳಲ್ಲಿ ಕಪ್ಪು ಉಳಿಯುತ್ತೆ, ಉಬ್ಬಿನಲ್ಲಿ ಬಂಗಾರ. ದೂರಕ್ಕೆ ಹಳೇ ಲೋಹದ ಥರ ಕಾಣುತ್ತೆ.

ಸಿರುಗುಪ್ಪ ಸೋನಾ
ತಾತ, ನೆತ್ತಿಗೂ ನಡುಪಟ್ಟಿಗೂ ಬೇಗಡೆನೇ ಹಚ್ಚಬೇಕು ಅಂತಿದ್ದೀನಿ. ಹುಣಸೆ ಬೀಜ ನೆನೆ ಹಾಕಿದ್ದೀನಿ.

ಅಟ್ಟದ ತಾತ
ಹುರಿದು ಸಿಪ್ಪೆ ತೆಗೆದಿದ್ದೀಯಾ?

ಸಿರುಗುಪ್ಪ ಸೋನಾ
...ಇಲ್ಲ.

ಅಟ್ಟದ ತಾತ
ಚೆಲ್ಲು. ಮೊದಲಿಂದ ಮಾಡು. ಮೇಲೆ ಕಿನ್ನಾಳದವರು ಅಷ್ಟು ಬಿಡಿಸಿ ಬರೆದಿದ್ದಾರೆ, ಓದೋದು ಬಿಟ್ಟು ಏನು ಮಾಡ್ತಿದ್ದೆ?

ಕಿನ್ನಾಳ ದಾರಿ
😄

ಸಿರುಗುಪ್ಪ ಸೋನಾ
ನಿನ್ನೆ ರಾತ್ರಿ ಆಟ ಆಯ್ತು. ಬೆಳಗ್ಗೆ ಐದೂವರೆಗೆ ಮಂಗಳ. ಈಗ ಎದ್ದು ಬರೀತಿದ್ದೀನಿ.

ತೂಕ 1 ಕಿಲೋ 180 ಗ್ರಾಂ ಬಂತು ಮಾಸ್ತರೇ, ಪುಟ್ಟಿ ಸ್ವಲ್ಪ ಜಾಸ್ತಿ ಹಾಕಿದ್ದೆ. ಅಟ್ಟಕ್ಕೆ ಎಷ್ಟು ಸಲ ಕುಟ್ಟಿದೆನೋ ಲೆಕ್ಕ ಇಲ್ಲ. ಬುಡದ ಬಣ್ಣ ಬೆರಳಗಲ ಎದ್ದಿದೆ, ಸಣ್ಣದೊಂದು ಕೂದಲೆಳೆ ಬಿರುಕು, ಅಷ್ಟೇ. ಆದರೆ ಒಂದು ಎಡವಟ್ಟು ಆಯ್ತು. ಒಳಗೆ ಖಾಲಿ ಇರೋದಕ್ಕೆ ಕುಟ್ಟಿದಾಗ ಬಿಂದಿಗೆ ಥರ ಬೋಂ ಅಂತು. ಸಾರಥಿ ಬಿಡ್ತಾನಾ? "ಭೀಮಸೇನ ಮಹಾರಾಜರೇ, ನೀರಿಗೆ ಹೊರಟ್ರಾ?" ಅಂದ. ಜನ ಎರಡು ನಿಮಿಷ ನಕ್ಕರು. ನನಗೆ ಮುಂದಿನ ಪದವೇ ಮರೆತುಹೋಯ್ತು, ಭಾಗವತರು ಎತ್ತಿಕೊಟ್ಟರು.

ರಾಯಚೂರ್ ಬಿಸಿಲು
ಈ ಒಂದು ಮಾತಿಗೆ ಈ ಚರ್ಚೆ ಪೂರ್ತಿ ಓದಿದ್ದು ಸಾರ್ಥಕ.

ತುಂಗಭದ್ರಾ ಫೈಬರ್
ನೆತ್ತಿಯ ಕಳಸದ ಪಕ್ಕ ತೂತು ಕೊರೆದು ಹಳೇ ಬಟ್ಟೆ ಚೂರು ಬಿಗಿಯಾಗಿ ತುಂಬು, ಸದ್ದು ನಿಲ್ಲುತ್ತೆ. ಡಬ್ಬಿಯಲ್ಲಿ ಬರುವ ಉಬ್ಬುವ ಫೋಮ್ ಬೇಡ. ಮುಚ್ಚಿದ ಜಾಗದಲ್ಲಿ ಜಾಸ್ತಿ ಹಾಕಿದರೆ ಒಳಗಿಂದ ಒತ್ತಿ ಬಿರುಕು ಬಿಡಿಸುತ್ತೆ.

ಅಟ್ಟದ ತಾತ
ಫೋಟೋ ನೋಡಿದೆ. ಬೇಗಡೆ ಚೆನ್ನಾಗಿ ಕೂತಿದೆ. ನಡುಪಟ್ಟಿ ಸ್ವಲ್ಪ ಸೊಟ್ಟ.

ಸಿರುಗುಪ್ಪ ಸೋನಾ
ಗೊತ್ತು ತಾತ 🙏 ಇನ್ನೊಂದು ವಿಷಯ. ದುರ್ಯೋಧನ ಮಾಡಿದವರು ನಮ್ಮ ಸೋದರಮಾವ. ಹಳೇ ಮರದ ಗದೆ ಅವರೇ ಹಿಡಿದಿದ್ದರು. ಬೆಳಗ್ಗೆ ವೇಷ ಕಳಚುವಾಗ ಬಂದು "ಅಳಿಯಾ, ನನಗೂ ಒಂದು" ಅಂದರು. ಅವರಿಗೆ 30 ಸೆಂ.ಮೀ. ಬೇಕಂತೆ, ಭೀಮನದಕ್ಕಿಂತ ದೊಡ್ಡದು.

ಲೆಕ್ಕದ ಮಾಸ್ತರ್
30ಕ್ಕೆ ಹೋಳಿನ ಉದ್ದ 47 ಸೆಂ.ಮೀ. ಆಗುತ್ತೆ, ಎ3 ಹಾಳೆಯ ಉದ್ದ ಸಾಲಲ್ಲ. ನಡುವಿಗೆ ಎರಡು ಮಾಡು. ನಡು ಅಗಲ 7.85.

ಹಿಂದಿನ ಬೆಂಚು
ಮತ್ತೆ ಅಂಗಡಿಯವನು ಏನು ಕೇಳಿದರೂ "ಫಿಟ್ ಟು ಪೇಜ್" ಬೇಡ ಅನ್ನು.